ಮ್ಯೂಸಿಯಂನಲ್ಲಿ ಅವ್ವನನ್ನು ಬಿಟ್ಟುಬಂದ ವೀರಾಚಾರಿ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಆಕಳಿಸುವವರು ಈಗಲೇ ಎದ್ದು ಹೋಗಿ.

ಚನ್ನಪಟ್ಟಣದಲ್ಲಿ ಕಾಳಮ್ಮ ಅಂತ ಒಬ್ಬಳಿದ್ದಳು. ಮರದ ಬುಗುರಿ ಕಡೆಯುತ್ತಿದ್ದ ಗಂಡ ಲಿಂಗಾಚಾರಿ ತೀರಿಹೋಗಿ ಬಹಳ ಕಾಲವಾಗಿತ್ತು. ಉಳಿದವನು ಮಗ ವೀರಾಚಾರಿ. ಅವ್ವನ ಮಾತು ಒಂದನ್ನೂ ಮೀರಿದವನಲ್ಲ. ಅದೇ ತಾನೇ ಗ್ರಹಚಾರ! "ಬೆಕ್ಕು ಬಂದ್ರೆ ಓಡಿಸ್ಲಾ" ಅಂದರೆ ಊರಾಚೆ ತನಕ ಓಡಿಸಿಕೊಂಡು ಹೋಗಿ ಸಂಜೆಗೆ ಬರುತ್ತಿದ್ದ. "ನಾನು ಕಣ್ಮುಚ್ಚಿದ್ರೆ ನಿನ್ನ ಗತಿ ಏನ್ಲಾ?" ಅಂತ ಕಾಳಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕಾಳಮ್ಮನ ತಮ್ಮ ಸಿದ್ದಾಚಾರಿ ಜಪಾನಿನ ಕ್ಯೋಟೊದಲ್ಲಿ ಒಂದು ದೋಸೆ ಹೋಟೆಲಿನ ಅಡುಗೆಯವನು. ಅವನು ಒಂದು ದಿನ ಫೋನ್ ಮಾಡಿದ. "ಅಕ್ಕಾ, ನಮ್ಮ ಹೋಟ್ಲು ಹಿಂದಿನ ಓಣೀಲಿ ಅಂಗೈಯಗಲ ಒಂದು ಬುಗುರಿ ಮ್ಯೂಸಿಯಂ ಐತೆ. ಅಲ್ಲಿ ಭಾವನ ಬುಗುರಿ ಇಟ್ಟವ್ರೆ ಕಣಕ್ಕಾ! ತಳದಲ್ಲಿ ಭಾವ ಇಡ್ತಿದ್ದ ಅದೇ ಕೆಂಪು ಬೊಟ್ಟು!"

ಗಂಡ ಕಡೆದದ್ದೆಲ್ಲ ಮಾರಿ ಉಂಡಾಗಿತ್ತು, ಮನೆಯಲ್ಲಿ ಒಂದೂ ಉಳಿದಿರಲಿಲ್ಲ. "ಸಾಯೋದ್ರೊಳಗೆ ಒಂದ್ಸಲ ಕಣ್ಣಲ್ಲಿ ನೋಡ್ಬೇಕು" ಅಂತ ಹಟ ಹಿಡಿದ ಕಾಳಮ್ಮ, ಮಗನನ್ನು ಕಟ್ಟಿಕೊಂಡು ವಿಮಾನ ಹತ್ತಿಯೇಬಿಟ್ಟಳು.

ಆ ಬುಗುರಿ ಮ್ಯೂಸಿಯಮ್ಮೋ, ವಾರಕ್ಕೊಂದೇ ದಿನ ತೆಗೆಯುವುದು, ಅದೂ ಮಧ್ಯಾಹ್ನದ ಮೇಲೆ. ಸಂಜೆ ಐದಕ್ಕೆ ಬಾಗಿಲು ಬಂದ್. ಮಾರನೇ ದಿನವೇ ಇವರ ವಾಪಸು ವಿಮಾನ. "ಅಲ್ಲೀಗಂಟ ದಾರೀಲಿರೋ ಚಿಕ್ಕ ಮ್ಯೂಸಿಯಂ ನೋಡ್ಕಂಡು ಹೋಗಾನ" ಅಂದ ಸಿದ್ದಾಚಾರಿ.

ಹೊರಡುವಾಗ ಕಾಳಮ್ಮ ಹೇಳಿದಳು, "ಮಗಾ, ಈ ದೇಶದಲ್ಲಿ ಚಪ್ಪಲಿ ಬಿಚ್ಚಿ ಸಾಲಾಗಿ ಜೋಡಿಸಿ ಇಡ್ಬೇಕಂತೆ."

"ಆಗ್ಲಿ ಕಣವ್ವ!"

ಮೊದಲು ಸಿಕ್ಕಿದ್ದು ಪಾದರಕ್ಷೆಗಳ ಮ್ಯೂಸಿಯಂ. ಹಲಗೆಯ ಮೇಲೆ ಹಳೇ ಕಾಲದ ಮರದ ಪಾದುಕೆ, ಹುಲ್ಲಿನ ಚಪ್ಪಲಿ, ಎಲ್ಲ ಸಾಲಾಗಿ ಇದ್ದವು. ವೀರ ತನ್ನ ಸವೆದ ಹವಾಯಿ ಚಪ್ಪಲಿ ಬಿಚ್ಚಿ, ಯಾರೋ ಪಾಳೇಗಾರನ ಪಾದುಕೆಯ ಪಕ್ಕಕ್ಕೆ ಜೋಡಿಸಿಟ್ಟ. ಬಂದವರೆಲ್ಲ ಅದರದ್ದೇ ಫೋಟೋ ಹೊಡೆದುಕೊಂಡರು!

"ಅಯ್ಯೋ ಮಂಕೇ! ಮ್ಯೂಸಿಯಂನಲ್ಲಿ ಏನನ್ನೂ ಮುಟ್ಬಾರ್ದು! ಕೈ ಹಿಂದಕ್ಕೆ ಕಟ್ಕೋ!"

"ಆಗ್ಲಿ ಕಣವ್ವ!"

ಎರಡನೆಯದು ಚಹಾ ಬಟ್ಟಲಿನ ಮ್ಯೂಸಿಯಂ. ಅಲ್ಲಿನ ಅಜ್ಜಿ ಪಾಪ, ಹಸಿರು ಚಹಾ ಮಾಡಿ ಮುಂದಿಟ್ಟಳು. ವೀರ ಕೈ ಬಿಚ್ಚಲಿಲ್ಲ. ಬಗ್ಗಿದ, ಬಟ್ಟಲಿಗೆ ಬಾಯಿಟ್ಟ, ಕರು ಕಲಗಚ್ಚು ಕುಡಿದ ಹಾಗೆ ಸೊರ್ರನೆ ಎಳೆದ. ಬಟ್ಟಲು ಮಗುಚಿತು, ಚಾಪೆಯೆಲ್ಲ ಚಹಾ. ಅದನ್ನು ಒರೆಸುವುದರಲ್ಲಿ ಅರ್ಧ ಹೊತ್ತು ಹೋಯಿತು.

"ನಿನ್ನ ಬುದ್ಧಿಗಿಷ್ಟು! ಯಾರಾದ್ರೂ ಏನಾದ್ರೂ ನೀಡಿದ್ರೆ, ಎರಡೂ ಕೈಲಿ ಇಸ್ಕಂಡು, ಬಗ್ಗಿ ನಮಸ್ಕಾರ ಮಾಡ್ಬೇಕು!"

"ಆಗ್ಲಿ ಕಣವ್ವ!"

ಮೂರನೆಯದು ಕೊಡೆಗಳ ಮ್ಯೂಸಿಯಂ. ಅಲ್ಲಿನ ಯಜಮಾನ ಕಾಗದದ ಹಳೇ ಕೊಡೆಯೊಂದನ್ನು ನೋಡಲೆಂದು ಎರಡೂ ಕೈಯಲ್ಲಿ ನೀಡಿದ. ವೀರ ಎರಡೂ ಕೈಯಲ್ಲಿ ಇಸ್ಕೊಂಡ, ಬಗ್ಗಿದ, ಕೊಡೆ ಬಿಚ್ಚಿ ಬೀದಿಗೆ ನಡೆದ! ಯಜಮಾನ ಓಡಿಬಂದು, ದಯವಿಟ್ಟು ಕೊಡಿ ಅಂತ ಬಗ್ಗಿದ. ವೀರನೂ ಬಗ್ಗಿದ. ಅವನು ಇನ್ನೂ ಬಗ್ಗಿದ, ಇವನೂ ಇನ್ನೂ ಬಗ್ಗಿದ. ಸಿದ್ದಾಚಾರಿ ಬಂದು ಕೊಡೆ ಕಿತ್ತುಕೊಡದಿದ್ದರೆ ಇವತ್ತಿಗೂ ಬಗ್ಗುತ್ತಲೇ ಇರುತ್ತಿದ್ದರು.

"ಮ್ಯೂಸಿಯಂನಲ್ಲಿ ಇರೋದು ಮ್ಯೂಸಿಯಂನಲ್ಲೇ ಇರ್ಬೇಕು ಕಣ್ಲಾ! ಹೊರಕ್ಕೆ ತರ್ಬಾರ್ದು!"

"ಆಗ್ಲಿ ಕಣವ್ವ!"

ಬುಗುರಿ ಮ್ಯೂಸಿಯಂ ಮುಟ್ಟುವಾಗ ಐದಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಸಿದ್ದಾಚಾರಿ ಅವರನ್ನು ಒಳಗೆ ಕೂರಿಸಿ ಹೋಟೆಲಿನ ಒಲೆ ಹಚ್ಚಲು ಓಡಿದ. ಅಲ್ಲಿನ ಮುದುಕ ಗಾಜಿನ ಪೆಟ್ಟಿಗೆ ತೆಗೆದು ಲಿಂಗಾಚಾರಿಯ ಬುಗುರಿಯನ್ನು ಕಾಳಮ್ಮನ ಅಂಗೈಯಲ್ಲಿಟ್ಟ. ಅವಳು ಕೆಂಪು ಬೊಟ್ಟು ಸವರಿದಳು. ನೆಲದ ಮೇಲೆ ತಿರುಗಿಸಿದಳು. ಬುಗುರಿ ಗುಯ್‌ಗುಟ್ಟಿತು, ಕಾಳಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಬುಗುರಿ ಗಾಜಿನೊಳಕ್ಕೆ ಹೋದ ಮೇಲೂ ಅದರ ಪಕ್ಕದ ಕುರ್ಚಿ ಬಿಟ್ಟೇಳಲಿಲ್ಲ.

ಐದು ಹೊಡೆಯಿತು. "ಕೈ ಕೊಡು ಮಗಾ, ಮಂಡಿ ಹಿಡ್ಕಂಡದೆ. ಹೊರಕ್ಕೆ ಕರ್ಕಂಡು ಹೋಗು" ಅಂದಳು.

"ಉಹೂಂ! ಮ್ಯೂಸಿಯಂನಲ್ಲಿ ಇರೋದು ಮ್ಯೂಸಿಯಂನಲ್ಲೇ ಇರ್ಬೇಕು!" ಅಂದ ವೀರ. ಅಪ್ಪನ ಬುಗುರಿಗೊಂದು, ಅವ್ವನಿಗೊಂದು ಕೈ ಮುಗಿದು ಹೊರಟೇಹೋದ.

"ಅಕ್ಕ ಎಲ್ಲೋ?" ಅಂದ ಸಿದ್ದಾಚಾರಿ, ಹೋಟೆಲಿಗೆ ಒಬ್ಬನೇ ಬಂದವನನ್ನು ನೋಡಿ.

"ಅಪ್ಪನ ಪಕ್ಕ ಇಟ್ಟವ್ರೆ ಮಾವ. ಚೆನ್ನಾಗವಳೆ."

ಸಿದ್ದಾಚಾರಿ ಸೌಟು ಹಿಡಿದುಕೊಂಡೇ ಓಡಿದ, ಹಿಂದೆಯೇ ವೀರ. ಒಳಗೆ ಕಾಳಮ್ಮನೂ ಮುದುಕನೂ ಭಾಷೆಯ ಗೊಡವೆಯೇ ಇಲ್ಲದೆ ಬುಗುರಿ ಬಿಡುತ್ತಾ ಕೂತಿದ್ದರು. ಮಗನನ್ನು ಕಂಡವಳೇ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಅವನ ತಲೆ ಸವರಿತು. "ಹೆತ್ತವ್ವನ್ನ ಬಿಟ್ಟು ಹೋಯ್ತಾರೇನ್ಲಾ? ಇನ್ಮೇಲೆ ನನ್ನ ಸೆರಗು ಬಿಡ್ಬೇಡ!"

"ಆಗ್ಲಿ ಕಣವ್ವ!"

ಮಾರನೇ ದಿನ ವಿಮಾನ ನಿಲ್ದಾಣದಲ್ಲಿ ಹೆಂಗಸರ ತಪಾಸಣೆಗೆ ಪರದೆಯೊಳಗೆ ಕಾಳಮ್ಮ ಹೋದಳು. ಪರದೆಯಾಚೆ ಸೆರಗಿನ ತುದಿ ಹಿಡಿದು ವೀರ! ಪೊಲೀಸರು ಎಳೆದರೂ ಬಿಡಲಿಲ್ಲ.

ಚನ್ನಪಟ್ಟಣದ ಸಂತೆಯಲ್ಲಿ ಈಗಲೂ ನೋಡಿ, ಮುಂದೆ ಕಾಳಮ್ಮ, ಸೆರಗಿನ ತುದಿಗೆ ಮೀಸೆ ಹೊತ್ತ ಮಗ. "ಬಿಡು ಅನ್ನಬಾರದೇನವ್ವ?" ಅಂತ ಜನ ನಗುತ್ತಾರೆ.

"ಸುಮ್ನಿರ್ರಪ್ಪ" ಅನ್ನುತ್ತಾಳೆ ಕಾಳಮ್ಮ. "ಬಿಡು ಅಂದ್ರೆ ಇವನು ಬಿಟ್ಟೇಬಿಡ್ತಾನೆ!"