ಎರಡು ಸಲ ಬರೆದ ಪದ

"ಬುದ್ಧಿ, ತೀರಿಹೋದ ನನ್ನ ಮಗಳ ಜೀನುಗಳನ್ನು ಆಸ್ಪತ್ರೆಯವರು ಅಕ್ಷರ ಅಕ್ಷರ ಬಿಡಿಸಿ ಓದಿದರು. ತನ್ನನ್ನು ತಾನೇ ನಕಲು ಮಾಡಿಕೊಂಡು ಜಾಗದಿಂದ ಜಾಗಕ್ಕೆ ಹಾರುವ ತುಣುಕೊಂದು ಒಳ್ಳೆಯ ಜೀನಿನ ನಡುವೆ ಹೋಗಿ ಕೂತಿತ್ತಂತೆ. ಅಂಥವು ನಮ್ಮೆಲ್ಲರ ಮೈಯಲ್ಲೂ ಲಕ್ಷಗಟ್ಟಲೆ ಇವೆಯಂತೆ. ಅವನ್ನು ಹೇಗೆ ಗುರುತು ಹಿಡಿಯುತ್ತಾರೆ? ಎಲ್ಲವನ್ನೂ ಮೊದಲೇ ಕಿತ್ತೆಸೆದಿದ್ದರೆ ಮಗು ಉಳಿಯುತ್ತಿತ್ತೇ?"

ಹೀಗೆ ಕೇಳಿದವನು ಕಮ್ಮಾರ ನಿಂಗೋಜಿ. ಮಗಳು ಹೋಗಿ ವರ್ಷವಾಗಿತ್ತು. ಈಗಲೂ ಅವನು ಊಟಕ್ಕೆ ಕೂತಾಗ ಬಲಗಡೆ ಅವಳಿಗೆಂದು ಜಾಗ ಬಿಡುತ್ತಿದ್ದ.

ಮಠದ ಗುರುಗಳು ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ತಾತ ಮುತ್ತಾತಂದಿರು ನಕಲು ಮಾಡುತ್ತ ಬಂದ ಓಲೆಗರಿಯ ಕಟ್ಟು ಅವನ ಮನೆಯಲ್ಲಿತ್ತು. ಅದರಲ್ಲಿ ಮದ್ದೂ ಇತ್ತು, ಹಾಡೂ ಇತ್ತು. ಹೆಂಡತಿಗೆ ಜ್ವರ ಬಂದಾಗ ಅದನ್ನು ನೋಡಿಕೊಂಡೇ ಕಷಾಯ ಕಾಯಿಸಿದ. ನಡುವೆ "ಬಾರೋ ತಂದೆ, ಬಾಗಿಲು ತೆರೆದಿದೆ" ಎಂಬ ಸಾಲು ಬಂತು. ಮದ್ದು ಅಲ್ಲಿಗೆ ಮುಗಿಯಿತು, ಮುಂದಿನದು ಹಾಡು ಎಂದುಕೊಂಡು ಓಲೆ ಕಟ್ಟಿಟ್ಟ. ಹೆಂಡತಿ ಉಳಿಯಲಿಲ್ಲ.

ಆಮೇಲೆ ದಾಯಾದಿಯ ಮನೆಯ ಕಟ್ಟನ್ನು ತಂದು ಪಕ್ಕದಲ್ಲಿಟ್ಟು ನೋಡಿದ. ಅದರಲ್ಲಿ ಆ ಸಾಲಿರಲಿಲ್ಲ. ಮದ್ದಿಗೆ ಇನ್ನೂ ಎರಡು ಬೇರು ಬೇಕಿತ್ತು. ಓಲೆ ಬರೆಯುವವರದು ಒಂದು ರೂಢಿ. ನಡುವೆ ಜಾಡು ತಪ್ಪಿದರೆ, ಜಾಡು ತಪ್ಪುವ ಮುಂಚೆ ಬರೆದ ಕೊನೆಯ ಪದವನ್ನೇ ಇನ್ನೊಮ್ಮೆ ಬರೆದು ಮುಂದುವರಿಯುತ್ತಾರೆ. ಯಾರೋ ಹಿರಿಯ ಗುನುಗುತ್ತ ಮೈಮರೆತಾಗಲೆಲ್ಲ ಹಾಡಿನ ಸಾಲನ್ನು ಬರೆದುಬಿಟ್ಟಿದ್ದ. ಹಾಗಾಗಿ ಸೇರಿಕೊಂಡ ಸಾಲಿನ ಹಿಂದೆಯೂ ಮುಂದೆಯೂ ಒಂದೇ ಪದ. ಆ ಗುರುತು ಹಿಡಿದು ಹುಡುಕಿದರೆ ಕಟ್ಟಿನ ತುಂಬ ಅದೇ ಸಾಲು. ವೈದ್ಯ ಓಲೆ ಕೊರೆಯುವ ಕಂಟ ಹಿಡಿದು ಒಂದೊಂದನ್ನೇ ಗೀರಿ ಹೊಡೆದುಹಾಕುತ್ತ ಕೂತ.

"ಏನಣ್ಣಾ, ಓಲೆಗೂ ಕಳೆ ಕೀಳಲು ಶುರುಮಾಡಿದೆಯಾ? ಏಳು, ಅನ್ನ ಆರಿತು" ಎಂದಳು ತಂಗಿ.

"ಈ ಹಾಳು ಸಾಲಿಲ್ಲದಿದ್ದರೆ ನಿನ್ನ ಅತ್ತಿಗೆ ಬಡಿಸುತ್ತಿದ್ದಳು ಕಣೇ" ಎಂದ ಅವನು. ತಂಗಿ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು.

ಕೊನೆಗೆ ದೀಪ ಹಚ್ಚುವ ಹಾಡು ಬಂತು. ಅಲ್ಲಿಯೂ ಆ ಸಾಲು. ಆಚೆ ಈಚೆ ಅದೇ ಗುರುತು. ಹೆಂಡತಿ ಸಂಜೆ ಸಂಜೆ ಹೇಳುತ್ತಿದ್ದದ್ದು ಆ ಸಾಲು ಸೇರಿದ ಹಾಡನ್ನೇ. ಅಲ್ಲಿಗೆ ಬಂದಾಗ ಅವಳ ದನಿ ತುಸು ಏರುತ್ತಿತ್ತು. ವೈದ್ಯನ ಕೈ ನಿಂತಿತು.

ಗುರುಗಳೂ ಅಲ್ಲಿಗೇ ನಿಲ್ಲಿಸಿದರು.

"ಹೊಡೆದುಹಾಕಿದನೇ, ಬುದ್ಧಿ?" ನಿಂಗೋಜಿ ಮುಂದಕ್ಕೆ ಸರಿದು ಕೇಳಿದ.

"ನಮ್ಮ ಮೈಯೂ ಹಾಗೆ ನಕಲಾಗುತ್ತ ಬಂದ ಓಲೆಯೇ. ಎಲ್ಲವನ್ನೂ ಹೊಡೆದುಹಾಕಿದ ಓಲೆಯಲ್ಲಿ ನಿನ್ನ ಮಗಳನ್ನು ಎಲ್ಲಿ ಹುಡುಕುತ್ತಿದ್ದೆ, ಮಗಾ?"