ಎಂಟನೆಯ ಸಲ ಕೊಡದ ಪುಸ್ತಕ

ತುಂಗಭದ್ರೆಯ ದಡದಲ್ಲೊಂದು ಆಶ್ರಮ. ಊರಿನವರಿಗೆಲ್ಲ ಓದಲು ಸಿಗಲೆಂದು ಗುರುಗಳು ಅಲ್ಲೊಂದು ಗ್ರಂಥಾಲಯ ತೆರೆದರು. ಅದರ ಮಕ್ಕಳ ಕೊಠಡಿಯನ್ನು ಶಿಷ್ಯ ಗುರುಪಾದನಿಗೆ ಒಪ್ಪಿಸಿದರು.

ಗುರುಪಾದ ಚಾಪೆ ಹಾಸಿದ, ಪುಸ್ತಕಗಳಿಗೆ ಹೊದಿಕೆ ಹಾಕಿದ, ‘ಸದ್ದು ಮಾಡಬಾರದು’ ಎಂದು ಹಲಗೆ ಬರೆದು ನೇತುಹಾಕಿದ. ಮಕ್ಕಳು ಬಂದರು. ಚಾಪೆ ಸಾಲದಾಯಿತು.

ಒಂದು ತಿಂಗಳಿಗೆ ಕೊಠಡಿ ಖಾಲಿ.

ಅವನು ಗುರುಗಳ ಬಳಿ ಹೋಗಿ ನಿಂತ.

“ಏನು ಕಡಿಮೆಯಾಯಿತೋ ತಿಳಿಯುತ್ತಿಲ್ಲ, ಗುರುಗಳೇ. ಒಂದು ಮಗುವೂ ಬರುತ್ತಿಲ್ಲ.”

“ಯಾರಿಗಾದರೂ ಇಲ್ಲ ಅಂದೆಯಾ?”

“ಒಬ್ಬಳಿಗೆ ಅಂದೆ. ತಿಪ್ಪವ್ವ ಅಂತ, ಅಂಬಿಗರ ಹುಡುಗಿ. ಆನೆಯ ಕಥೆಯ ಪುಸ್ತಕ ಒಂದನ್ನೇ ಏಳು ಸಲ ಒಯ್ದಳು. ಎಂಟನೆಯ ಸಲ ಬಂದಾಗ, ಬೇರೆಯವರೂ ಓದಲಿ ಬಿಡಮ್ಮ ಎಂದೆ.”

“ಬೇರೆಯವರು ಓದಿದರೋ?”

“ಇಲ್ಲ. ಅದು ಇಟ್ಟಲ್ಲೇ ಇದೆ.”

“ಅದು ಯಾಕೆ ಬೇಕಿತ್ತು ಅಂತ ಅವಳನ್ನೇ ಕೇಳಿ ಬಾ.”

ಸಂಜೆ ಅವನು ಹೊಳೆಯ ಮೆಟ್ಟಿಲಿಗೆ ಹೋದ. ಕೆಳಗಿನ ಮೆಟ್ಟಿಲಲ್ಲಿ ತಿಪ್ಪವ್ವ ನಿಂತಿದ್ದಳು. ಅವಳೆದುರು, ಮೇಲಿನ ಮೆಟ್ಟಿಲುಗಳ ತುಂಬ ಮಕ್ಕಳು. ಅವನ ಚಾಪೆಯ ಮೇಲೆ ಕೂರುತ್ತಿದ್ದವರೆಲ್ಲ ಅಲ್ಲಿದ್ದರು. ಅವನು ಒಮ್ಮೆಯೂ ಕಾಣದವರೂ ಇದ್ದರು.

“ಆನೆ ನಡುಹೊಳೆಗೆ ಬಂತು,” ಎನ್ನುತ್ತಿದ್ದಳು ತಿಪ್ಪವ್ವ. “ಅಲ್ಲೊಂದು ಮೊಸಳೆಗೆ ಹಲ್ಲುನೋವು.”

ಗುರುಪಾದನಿಗೆ ತಡೆಯಲಾಗಲಿಲ್ಲ. “ಪುಸ್ತಕದಲ್ಲಿ ಮೊಸಳೆಯೇ ಇಲ್ಲವಲ್ಲ.”

“ಗೊತ್ತು ಅಣ್ಣ. ಪುಸ್ತಕ ಇದ್ದಾಗ ಅದರಲ್ಲಿ ಇದ್ದಹಾಗೇ ಓದಿ ಹೇಳ್ತಿದ್ದೆ. ಈಗ ಪುಸ್ತಕ ಇಲ್ಲ. ಆನೆ ತನಗೆ ಬೇಕಾದ ಕಡೆ ಹೋಗ್ತಿದೆ.”

“ಕೂತ್ಕೋ ಅಣ್ಣ,” ಎಂದಿತು ಹಿಂದಿನಿಂದ ಒಂದು ಪುಟ್ಟ ದನಿ. “ನೀನು ನಿಂತ್ರೆ ಏನೂ ಕಾಣಲ್ಲ.”

ಅವನು ಕೂತ. ಆನೆ ಮೊಸಳೆಯ ಹಲ್ಲು ಹಿಡಿದು ಎಳೆಯಿತು. ಮಕ್ಕಳೆಲ್ಲ ಸೇರಿ ಎಳೆದರು. ಗುರುಪಾದನ ಕೈಯೂ ತಾನಾಗಿ ಮುಂದೆ ಬಂತು. ಹಲ್ಲು ಅಲ್ಲಾಡುವಷ್ಟರಲ್ಲಿ ತಿಪ್ಪವ್ವ ಕಥೆ ನಿಲ್ಲಿಸಿ, ಇನ್ನು ನಾಳೆ ಎಂದಳು.

“ಇದನ್ನೆಲ್ಲ ನಮ್ಮ ಕೊಠಡಿಯಲ್ಲೇ ಹೇಳಬಾರದಿತ್ತೇ?” ಎಂದು ಕೇಳಿದ ಗುರುಪಾದ.

“ಅಲ್ಲಿ ಸದ್ದು ಮಾಡಂಗಿಲ್ಲ ಅಂತ ಬರ್ದೀರಲ್ಲ. ಇವರಲ್ಲಿ ಅರ್ಧ ಜನಕ್ಕೆ ಓದಕ್ಕೆ ಬರಲ್ಲ ಅಣ್ಣ. ಸದ್ದು ಮಾಡದೆ ಇವರಿಗೆ ಕಥೆ ಹೇಗೆ ಹೇಳಲಿ?”

ಗುರುಪಾದ ಸರಸರನೆ ಹೋಗಿ ಹಲಗೆ ಇಳಿಸಿದ. ಆನೆಯ ಪುಸ್ತಕ ತಂದು ಅವಳ ಕೈಗಿಟ್ಟ. ಆಮೇಲೆ ಗುರುಗಳ ಬಳಿಗೆ ಬಂದ.

“ತಪ್ಪು ನನ್ನದು, ಗುರುಗಳೇ. ಒಬ್ಬಳಿಗೆ ಇಲ್ಲ ಅಂದೆ ಅಂದುಕೊಂಡಿದ್ದೆ. ಒಂದು ಊರಿನ ಮಕ್ಕಳಿಗೇ ಇಲ್ಲ ಅಂದಿದ್ದೆ.”

“ಈಗ ಬರುತ್ತಾರೇನು?”

“ಬರುತ್ತಾರಂತೆ. ಆದರೆ ಇದು ಹೊಳೆಯ ಕಥೆ, ಮುಗಿಯುವ ತನಕ ಮೆಟ್ಟಿಲಲ್ಲೇ ಹೇಳ್ತೀನಿ ಅಂದಳು. ತಾವು ಒಪ್ಪಿದರೆ ನಾಳೆ ಸಂಜೆ ನಾನೂ ಹೋಗಿಬರುತ್ತೇನೆ. ಮಕ್ಕಳನ್ನು ಕರೆತರುವುದಕ್ಕೆ, ಅಷ್ಟೇ.”

ಗುರುಗಳು ನಕ್ಕರು.

“ಸ್ವಲ್ಪ ಬೇಗ ಹೋಗು. ತಡವಾದರೆ ಮುಂದಿನ ಮೆಟ್ಟಿಲಲ್ಲಿ ನಮ್ಮಿಬ್ಬರಿಗೆ ಜಾಗ ಸಿಗುವುದಿಲ್ಲ.”