ಬಿಡ್ತು ಅನ್ನಿಸಿದ ಮಾತು

"ಬುದ್ಧಿ, ಶುಭಕಾರ್ಯಕ್ಕೆ ಹೊರಟವನನ್ನು ಹಿಂದಿನಿಂದ ಕೂಗಿದರೆ ಆ ದೋಷಕ್ಕೆ ಪರಿಹಾರವೇನು?"

ಹೀಗೆ ಕೇಳಿದವನು ಗುರುಮಲ್ಲಪ್ಪ, ಮಠದ ಹಳೆಯ ಶಿಷ್ಯ. ಮಗಳ ಮದುವೆಯ ಮಾತು ಗಟ್ಟಿ ಮಾಡಿಕೊಂಡು ಬರಲು ಗಂಡಿನ ಊರಿಗೆ ಹೊರಟಿದ್ದ. ನೆಂಟರನ್ನೆಲ್ಲ ತುಂಬಿಕೊಂಡ ಟೆಂಪೊವನ್ನು ಮಠದ ಬಾಗಿಲಲ್ಲಿ ನಿಲ್ಲಿಸಿ ತಾನೊಬ್ಬನೇ ಒಳಗೆ ಬಂದಿದ್ದ. ಕಂಕುಳಲ್ಲಿ ತಾಂಬೂಲದ ಚೀಲವಿತ್ತು. ಮುಖದಲ್ಲಿ ಕಳೆ ಇರಲಿಲ್ಲ.

"ಕೂಗಿದವರು ಯಾರು?" ಎಂದರು ಸ್ವಾಮಿಗಳು.

"ನಮ್ಮ ಸೋದರತ್ತೆ ಬುದ್ಧಿ, ಚನ್ನಾಜಮ್ಮ. ಗಂಡ ತೀರಿಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಮಗಳನ್ನು ಎತ್ತಿ ಆಡಿಸಿದವರೂ ಅವರೇ. ಒಳ್ಳೆಯ ಕೆಲಸಕ್ಕೆ ಯಾರಾದರೂ ಹೊರಟರೆ ತಾವಾಗಿಯೇ ಅಡುಗೆಮನೆಗೆ ಸರಿದುಬಿಡುವ ಹೆಂಗಸು. ಇವತ್ತು ಅದೇನು ಬಂತೋ, ಬರಿಗಾಲಲ್ಲಿ ಬೀದಿಗೆ ಓಡಿ ಬಂದು, 'ನಿಂತ್ಕೋ ಮಗಾ, ಒಂದು ಮಾತು' ಅಂತ ಕೂಗಿಬಿಟ್ಟರು. ನೆಂಟರೆಲ್ಲ ಮುಖ ಮುಖ ನೋಡಿಕೊಂಡರು."

"ನೀನು ಏನು ಮಾಡಿದೆ?"

"'ಬಿಡ್ತು ಅನ್ನಿ ಅತ್ತೆ' ಅಂದೆ. ಬಿಡ್ತು ಅಂದರು. ಹೊರಟು ಬಂದೆ. ಆದರೂ ಒಳಗೆ ಕೊರೀತಾ ಇದೆ ಬುದ್ಧಿ. ಒಂದು ಚಿಟಿಕೆ ವಿಭೂತಿ ಮಂತ್ರಿಸಿ ಕೊಟ್ಟರೆ ನೆಮ್ಮದಿಯಾಗಿ ಹೋಗುತ್ತೇನೆ."

"ಅವರನ್ನು ಕೊಟ್ಟಿದ್ದದ್ದು ಯಾವ ಊರಿಗೆ?"

"ಈಗ ನಾವು ಹೊರಟಿದ್ದೇವಲ್ಲ, ಅದೇ ಊರಿಗೆ."

ಸ್ವಾಮಿಗಳು ವಿಭೂತಿಯ ತಟ್ಟೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಕೂತುಕೋ. ಟೆಂಪೊ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹೇಳಿ, ಈ ಕತೆಯನ್ನು ಹೇಳಿದರು.

ಒಬ್ಬ ರೈತನಿದ್ದ. ಅವನಿಗೂ ಅವನ ತಮ್ಮನಿಗೂ ಸೇರಿ ಮೂರು ಎಕರೆ ಭೂಮಿ ಇತ್ತು. ಅರಿಸಿನ ಬೆಳೆಯುತ್ತಿದ್ದರು. ಭೂಮಿಯಲ್ಲಿ ಐಬಿರಲಿಲ್ಲ, ದುಡಿಮೆಯಲ್ಲಿ ಐಬಿರಲಿಲ್ಲ. ಇದ್ದ ಕೊರತೆ ಒಂದೇ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರಿನವನ ದಾರಿ ಕಾಯಬೇಕು. ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನ ಅವನು ಮೊದಲು ಹೋಗುವುದು ದೊಡ್ಡ ಹಿಡುವಳಿಯವರ ಹೊಲಕ್ಕೆ. ಮೂರು ಎಕರೆಯವನ ಸರದಿ ಬರುವ ಹೊತ್ತಿಗೆ ಹದ ಆರಿರುತ್ತದೆ, ಉತ್ತರೆ ಹೆಂಟೆ ಏಳುತ್ತದೆ. ಹೀಗೆ ಎಷ್ಟೋ ಮಳೆಗಾಲ ಕಳೆದ ಮೇಲೆ ರೈತ ಒಂದು ದಿನ ತಮ್ಮನಿಗೆ ಹೇಳಿದ, "ನಮ್ಮದೇ ಒಂದು ಇರಲಿ ಕಣೋ. ಹೊಸದು ನಮ್ಮ ಕೈಗೆಟುಕುವುದಿಲ್ಲ. ಹಳೆಯದಾದರೂ ಸರಿ, ಚೆನ್ನಾಗಿ ನೋಡಿ ತರೋಣ."

ತಮ್ಮನಿಗೆ ಇನ್ನೇನು ಬೇಕು? ಟ್ರ್ಯಾಕ್ಟರು ಓಡಿಸುವುದೆಂದರೆ ಅವನಿಗೆ ಊಟ ನಿದ್ದೆ ಮರೆತುಹೋಗುತ್ತಿತ್ತು. ಮದುವೆಯಾದ ಹೊಸತು. ಹೆಂಡತಿಯ ಮುಂದೆ ಸ್ವಂತ ಟ್ರ್ಯಾಕ್ಟರಿನ ಮೇಲೆ ಕೂತು ಬರುವ ಆಸೆಯೂ ಇತ್ತು, ಅದೇನು ತಪ್ಪಲ್ಲ.

ರೈತ ಅವಸರದವನಲ್ಲ. ಹತ್ತು ಕಡೆ ಕೇಳಿದ, ನಾಲ್ಕು ಕಡೆ ನೋಡಿದ. ಹಳೆಯ ಟ್ರ್ಯಾಕ್ಟರು ಮಾರುವ ವ್ಯಾಪಾರಿಯೊಬ್ಬ ಅವನನ್ನು ಒಂದು ಭಾರೀ ಗಾಡಿಯ ಮುಂದೆ ನಿಲ್ಲಿಸಿ, "ಇದನ್ನೇ ತಗೊಳ್ಳಿ ಯಜಮಾನ್ರೇ, ಊರಲ್ಲಿ ಮರ್ಯಾದೆ ಅಂದ್ರೆ ಇದು" ಎಂದ.

"ಅಷ್ಟು ಮರ್ಯಾದೆ ತಿರುಗಿಸೋಕೆ ನನ್ನ ಹೊಲದಲ್ಲಿ ಜಾಗ ಇಲ್ಲ ಸ್ವಾಮಿ" ಎಂದ ರೈತ. ಸಣ್ಣ ಹೊಲಕ್ಕೆ ಸಣ್ಣ ಎಂಜಿನ್ನು ಸಾಕು, ದೊಡ್ಡದು ಬರೀ ಡೀಸೆಲ್ ಕುಡಿಯುತ್ತದೆ ಎಂಬುದು ಅವನಿಗೆ ತಿಳಿದಿತ್ತು.

ಇನ್ನೊಂದು ಕಡೆ ಗಾಡಿ ಕೀಲಿ ತಿರುಗಿಸಿದ್ದೇ ತಡ ಗುಡುಗಿತು. ಮಾರುವವನು ಹೆಮ್ಮೆಯಿಂದ ನಕ್ಕ. ರೈತ ಅದಕ್ಕೆ ಮೊದಲೇ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿದ್ದ. ಅದು ಬೆಚ್ಚಗಿತ್ತು. ತಣ್ಣಗಿದ್ದಾಗ ಹತ್ತದ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಓಡಿಸಿ ಇಡುವ ಚಾಳಿ ಅವನು ಕೇಳಿ ಬಲ್ಲ. "ಬೆಳಿಗ್ಗೆ ಇದರ ಮೇಲೆ ಸ್ನಾನದ ನೀರು ಕಾಯಿಸಿದ್ರಾ?" ಎಂದು ಕೇಳಿ ಚಪ್ಪಲಿ ಮೆಟ್ಟಿದ. ಮತ್ತೊಂದು ಕಡೆ ಹೊಳೆಯುವ ಹೊಸ ಬಣ್ಣ. ಉಗುರಿನಿಂದ ಕೆರೆದು ನೋಡಿದರೆ ಮುಂದಿನ ಅಚ್ಚಿನ ಮೇಲೆ ವೆಲ್ಡಿಂಗಿನ ಗಾಯ. ಅದನ್ನೂ ಬಿಟ್ಟ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ತಮ್ಮನಿಗೆ ಹೇಳಿದ, "ನನ್ನ ಕಣ್ಣಿಗೆ ಮಣ್ಣೆರಚೋ ಟ್ರ್ಯಾಕ್ಟರು ಇನ್ನೂ ತಯಾರಾಗಿಲ್ಲ ಬಿಡು."

ಆ ಮಾತು ಸುಳ್ಳೇನಲ್ಲ. ಅವನ ಕಣ್ಣಿಗೆ ಮಣ್ಣೆರಚುವುದು ಕಷ್ಟವಿತ್ತು.

ಕೊನೆಗೆ ಪಕ್ಕದ ಹೋಬಳಿಯ ಒಂದು ಮನೆಯಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು. ಒಬ್ಬ ಮುದುಕ ಕೊಟ್ಟಿಗೆಯ ಮಗ್ಗುಲಿಗೆ ಕರೆದುಕೊಂಡು ಹೋಗಿ, ಮೇಲೆ ಹೊದಿಸಿದ್ದ ಟಾರ್ಪಾಲು ಎಳೆದ. ಸಣ್ಣ ಗಾಡಿ. ಬಣ್ಣ ಮಾಸಿದೆ, ಆದರೆ ಮುಚ್ಚುಮರೆಯಿಲ್ಲ. ಎಂಜಿನ್ನು ತಣ್ಣಗಿತ್ತು, ತಣ್ಣಗಿದ್ದೂ ಒಂದೇ ಸಲಕ್ಕೆ ಹತ್ತಿತು. ಹೊಗೆ ತೆಳುವಾಗಿತ್ತು. ಎಣ್ಣೆ ನೋಡಿದ, ಟೈರು ನೋಡಿದ, ನೇಗಿಲು ಎತ್ತಿ ಅಲ್ಲೇ ಬಿಟ್ಟು ಅದು ಜಗ್ಗುತ್ತದೆಯೇ ಎಂದು ನೋಡಿದ. ಜಗ್ಗಲಿಲ್ಲ. ಆಮೇಲೆ ಬ್ರೇಕು. ಟ್ರ್ಯಾಕ್ಟರಿನಲ್ಲಿ ಹಿಂದಿನ ಒಂದೊಂದು ಗಾಲಿಗೂ ಒಂದೊಂದು ಬ್ರೇಕು ಇರುತ್ತದಲ್ಲ, ಹೊಲದಲ್ಲಿ ಒಂದನ್ನೇ ಒತ್ತಿದರೆ ಗಾಡಿ ನಿಂತಲ್ಲೇ ತಿರುಗುತ್ತದೆ. ರಸ್ತೆಗೆ ಇಳಿಸುವಾಗ ಎರಡು ಪೆಡಲನ್ನೂ ಒಂದು ಕೊಂಡಿಯಿಂದ ಸೇರಿಸುತ್ತಾರೆ, ಎರಡೂ ಗಾಲಿ ಒಟ್ಟಿಗೆ ನಿಲ್ಲಲಿ ಎಂದು. ತಮ್ಮನು ಮುದುಕನ ಹಿತ್ತಲಿನಲ್ಲಿ ಎಡಗಡೆ ಒತ್ತಿದ, ಎಡ ಗಾಲಿ ಕಚ್ಚಿ ನಿಂತಿತು. ಬಲಗಡೆ ಒತ್ತಿದ, ಬಲ ಗಾಲಿ ನಿಂತಿತು. ಕೊಂಡಿ ಅದರ ಜಾಗದಲ್ಲಿತ್ತು. ಇರುವುದನ್ನು ರೈತ ಕಂಡ, ಮುಂದಕ್ಕೆ ಹೋದ.

ಬೆಲೆ ಅವನು ಎಣಿಸಿದ್ದಕ್ಕಿಂತ ಕಡಿಮೆ. ಯಾಕೆ ಎಂಬ ಪ್ರಶ್ನೆ ಬಾಯಿಗೆ ಬಂತು. ಕೇಳಿದರೆ ಏರಿಸಿಯಾರು ಎಂದು ಸುಮ್ಮನಾದ.

"ನನ್ನ ಮಗನ ಗಾಡಿ. ಈಗ ಓಡಿಸುವವರಿಲ್ಲ" ಎಂದ ಮುದುಕ. ಅಷ್ಟೇ ಹೇಳಿದ. ಮಾತು ಮುಗಿಯಿತು. ಎಲೆ ಅಡಿಕೆ ಕೈ ಬದಲಾಯಿತು.

ಆಗ ಒಳಗಿನಿಂದ ಒಬ್ಬ ಹೆಂಗಸು ಬಂದಳು. ಮುದುಕನ ಸೊಸೆ. ಹಣೆ ಬರಿದಾಗಿತ್ತು. ವ್ಯಾಪಾರ ನಡೆದಷ್ಟು ಹೊತ್ತೂ ಬಾಗಿಲ ಮರೆಯಲ್ಲಿದ್ದವಳು, ಎಲೆ ಅಡಿಕೆಯ ನಂತರ ತಡೆಯಲಾರದೆ ಅಂಗಳಕ್ಕೆ ಇಳಿದಳು.

"ಅಣ್ಣಾ, ಗಾಡಿ ಹೊಡ್ಕೊಂಡು ಹೋಗೋಕೆ ಮುಂಚೆ ಒಂದು ಮಾತು. ನಮ್ಮನೆಯವರು ಸತ್ತಿದ್ದು ಇದರ ಕೆಳಗೇ…"

ರೈತನಿಗೆ ಬೆಲೆ ಯಾಕೆ ಕಡಿಮೆ ಎಂಬುದು ಹೊಳೆಯಿತು. ಕೈಯಲ್ಲಿ ಇನ್ನೂ ವೀಳ್ಯದೆಲೆ ಇದೆ, ಎದುರಿಗೆ ಈ ಹಣೆ, ಈ ಮಾತು. ಅವನು ಅಂಗೈ ಅಡ್ಡ ಹಿಡಿದ.

"ತಾಯಿ, ಎಲೆ ಅಡಿಕೆ ಹಿಡಿದಾಗ ಸಾವಿನ ಮಾತು ಬೇಡ."

"ಅದಲ್ಲಣ್ಣಾ, ಇಳಿಜಾರಿನಲ್ಲಿ ಆ ಬ್ರೇಕು…"

"ಬಿಡ್ತು ಅನ್ನಮ್ಮ!"

"ಒಳಗೆ ಹೋಗವ್ವ, ನಿನಗೆ ಯಾರು ಬಾ ಅಂದ್ರು?" ಎಂದು ಮುದುಕನೂ ಗದರಿದ.

ಅವಳು ಇಬ್ಬರ ಮುಖವನ್ನೂ ನೋಡಿದಳು. "ಬಿಡ್ತು" ಎಂದಳು. ಒಳಗೆ ಹೋದಳು.

ದಾರಿಯುದ್ದಕ್ಕೂ ರೈತನಿಗೆ ಒಂದೇ ಯೋಚನೆ. ಸಾವು ಕಂಡ ಗಾಡಿ, ಅದರ ದೋಷ ಕಳೆಯಬೇಕು. ಸತ್ತದ್ದು ಹೇಗೆ ಎಂಬುದು ಅವನ ತಲೆಯಲ್ಲಿ ಸುಳಿಯಲಿಲ್ಲ. ಸಾವು ಅವನ ಲೆಕ್ಕದಲ್ಲಿ ಗಾಡಿಗೆ ಮೆತ್ತಿಕೊಂಡಿದ್ದ ಕೊಳೆ, ತೊಳೆದರೆ ಹೋಗುವಂಥದ್ದು. ಹಾಗಾಗಿ ತೊಳೆದ. ಗಂಜಲ ಚಿಮುಕಿಸಿದ. ಅಯ್ಯನವರನ್ನು ಕರೆಸಿ ಶಾಂತಿ ಮಾಡಿಸಿದ. ನಾಲ್ಕು ಗಾಲಿಯ ಅಡಿಗೂ ನಿಂಬೆಹಣ್ಣು ಇಟ್ಟು ಹರಿಸಿದ, ಬೂದುಗುಂಬಳ ಒಡೆದ. ಮಡ್‌ಗಾರ್ಡಿನ ಮೇಲೆ ಸತ್ತವನ ಹೆಸರಿತ್ತು. ಅದನ್ನು ಕೆರೆಸಿ ಮನೆದೇವರ ಹೆಸರು ಬರೆಸಿದ. ದೃಷ್ಟಿ ತಾಗದಿರಲೆಂದು ಹಿಂದೆ ಒಂದು ಹಳೆಯ ಕೆರ ಕಟ್ಟಿದ. ತಮ್ಮನ ಹೆಂಡತಿ ಆರತಿ ಎತ್ತಿದಳು, ತಮ್ಮ ಸೀಟಿನ ಮೇಲೆ ಕೂತು ಮದುಮಗನ ಹಾಗೆ ನಾಚಿಕೊಂಡ. ಇಷ್ಟೆಲ್ಲ ಮಾಡಿದ ಮನೆಯಲ್ಲಿ ಯಾರೂ ಒಂದು ಸಲ ಬಗ್ಗಿ ಪೆಡಲಿನ ಕಡೆ ನೋಡಲಿಲ್ಲ.

ಆ ವರ್ಷ ಹದ ತಪ್ಪಲಿಲ್ಲ. ಮಳೆ ನಿಂತ ಮರುಬೆಳಿಗ್ಗೆಯೇ ಅವರ ಹೊಲ ಉತ್ತಾಗಿತ್ತು. ರೈತ ಬದುವಿನ ಮೇಲೆ ನಿಂತು, ತಮ್ಮನು ಮೂಲೆಮೂಲೆಯಲ್ಲಿ ಒಂದೇ ಗಾಲಿಯ ಮೇಲೆ ಗಾಡಿ ತಿರುಗಿಸುವ ಚಂದ ನೋಡುತ್ತಿದ್ದ. ಅರಿಸಿನ ಹುಲುಸಾಗಿ ಬಂತು. ಅಷ್ಟು ಸುಖ ಆ ಮನೆ ಮೊದಲು ಕಂಡಿರಲಿಲ್ಲ.

ಅರಿಸಿನ ಕಿತ್ತು, ಬೇಯಿಸಿ, ಒಣಗಿಸಿ ಆಯಿತು. ಮೂಟೆ ಕಟ್ಟಿ ಟ್ರೇಲರಿಗೆ ಹೇರಿದರು. ತಮ್ಮನು ಎರಡು ಪೆಡಲನ್ನೂ ಕೊಂಡಿಯಿಂದ ಸೇರಿಸಿ ಮಾರುಕಟ್ಟೆಗೆ ಹೊರಟ. ಕೆರೆ ಏರಿಯಿಂದ ಇಳಿಯುವ ಕಡೆ ರಸ್ತೆ ಕಿತ್ತುಹೋಗಿತ್ತು. ಗಾಡಿ ಕುಲುಕಿತು, ಕೊಂಡಿ ಜಾರಿತು. ಹಿಂದಿನಿಂದ ಹೇರು ನೂಕುತ್ತಿತ್ತು. ಅವನು ಕಾಲಿಟ್ಟು ಒತ್ತಿದ. ಒತ್ತಿದ್ದು ಒಂದೇ ಪೆಡಲು. ಒಂದು ಗಾಲಿ ನಿಂತಿತು, ಇನ್ನೊಂದು ಓಡಿತು.

ಗಾಡಿಯನ್ನು ಎತ್ತಿ ನಿಲ್ಲಿಸಿದ ಮೇಲೆ ಅವನನ್ನು ಹೊರಗೆ ತೆಗೆದರು. ರಸ್ತೆಯೆಲ್ಲ ಅರಿಸಿನ ಚೆಲ್ಲಿತ್ತು. ರೈತ ತಮ್ಮನ ಮುಖ ನೋಡಲಾರದೆ ಕಣ್ಣು ತಿರುಗಿಸಿದಾಗ ಕೊಂಡಿ ಕಂಡಿತು. ಸುಮ್ಮನೆ ಜೋತಾಡುತ್ತಿತ್ತು. ಕಚ್ಚಬೇಕಾದ ತುದಿ ಸವೆದು ನುಣ್ಣಗಾಗಿತ್ತು. ಸಂತೆಗೆ ಹೋದರೆ ಸಿಗುವ, ಒಂದು ಬೂದುಗುಂಬಳದ ಬೆಲೆ ಬಾಳದ ಕಬ್ಬಿಣದ ತುಂಡು.

ತಿಥಿ ಮುಗಿದ ಮೇಲೆ ರೈತ ಆ ಹೆಂಗಸಿನ ಮನೆಗೆ ಹೋದ. ದುಃಖ ಹೋಗಿ ಸಿಟ್ಟು ಬಂದಿತ್ತು. ಯಾರ ಮೇಲಾದರೂ ಅದನ್ನು ಇಳಿಸಬೇಕಿತ್ತು. ಅಂಗಳದಲ್ಲೇ ನಿಂತು ಕೂಗಿದ, "ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀನು?"

ಅವಳು ಬಾಗಿಲಿಗೆ ಬಂದಳು. ಕೂಗಲಿಲ್ಲ. "ಆ ಕೊಂಡಿ ಜಾರುತ್ತೆ, ಬದಲಾಯಿಸಬೇಕು ಅಂತ ನಮ್ಮನೆಯವರು ಉಣ್ಣೋವಾಗೆಲ್ಲ ಹೇಳ್ತಿದ್ದರು. ಕೇಳಿಸ್ಕೊಂಡಿದ್ದವಳು ನಾನೊಬ್ಬಳೇ. ಅದಕ್ಕೇ ಬಂದೆ ಅಣ್ಣಾ. ನೀವು ಬಿಡ್ತು ಅನ್ನಿಸಿದಿರಿ."

ರೈತ ಬಂದ ದಾರಿಯಲ್ಲೇ ವಾಪಸಾದ.

ಈಗಲೂ ಅವನು ಇದ್ದಾನೆ. ಬಾಡಿಗೆ ಟ್ರ್ಯಾಕ್ಟರಿನವನ ದಾರಿ ಕಾಯುತ್ತಾನೆ. ಏನಾದರೂ ಕೆಲಸಕ್ಕೆ ಹೊರಟರೆ ಹೊಸಿಲಲ್ಲಿ ನಿಂತು, "ಏನಾದರೂ ಹೇಳೋದಿದೆಯೇನಮ್ಮ?" ಎಂದು ತಮ್ಮನ ಹೆಂಡತಿಯನ್ನು ಕೇಳುತ್ತಾನೆ. ಆ ಹುಡುಗಿಗೆ ಯಾರೂ ಕಲಿಸಿಕೊಟ್ಟಿಲ್ಲ, ಆದರೂ ಭಾವ ಹೊರಡುವ ಸದ್ದು ಕೇಳಿದರೆ ಬಾಗಿಲ ಹಿಂದಕ್ಕೆ ಸರಿದಿರುತ್ತಾಳೆ. ಅಲ್ಲಿಂದಲೇ, "ಏನೂ ಇಲ್ಲ ಭಾವ" ಅನ್ನುತ್ತಾಳೆ. ಅವಳಲ್ಲಿ ಹೇಳುವುದು ನಿಜಕ್ಕೂ ಏನೂ ಇಲ್ಲವೋ, ಇದ್ದೂ ನುಂಗಿಕೊಂಡಳೋ, ಅದು ಅವನಿಗೆ ಯಾವತ್ತೂ ತಿಳಿಯುವುದಿಲ್ಲ.

ಕತೆ ನಿಂತಿತು. ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ನೆಂಟರಲ್ಲಿ ಯಾರೋ, "ರಾಹುಕಾಲ ಬರುತ್ತೆ, ಬೇಗ ಬಾರಪ್ಪಾ" ಎಂದು ಕೂಗಿದರು.

ಗುರುಮಲ್ಲಪ್ಪ ಎದ್ದು ನಿಂತ. ಚೀಲವನ್ನು ಎದೆಗೆ ಅವಚಿಕೊಂಡ. "ಪಾಪ, ಆ ರೈತನ ಕರ್ಮ ಬುದ್ಧಿ. ಆದರೆ ನಾನು ಟ್ರ್ಯಾಕ್ಟರು ತರಲು ಹೊರಟವನಲ್ಲವಲ್ಲ, ಮಗಳನ್ನು ಕೊಡಲು ಹೊರಟವನು. ನನ್ನ ದೋಷಕ್ಕೆ ವಿಭೂತಿ…" ಎಂದು ಕೈ ಚಾಚಿದ.

ಸ್ವಾಮಿಗಳು ತಟ್ಟೆಯನ್ನು ಮುಟ್ಟಲಿಲ್ಲ. ಚಾಚಿದ ಆ ಬರಿ ಕೈಯನ್ನು ನೋಡಿ ಕೇಳಿದರು:

"ನಿನ್ನ ಅತ್ತೆ ಏನು ಹೇಳಲು ಬಂದಿದ್ದರು, ಗುರುಮಲ್ಲಪ್ಪ?"

ಹಾರ್ನ್ ಮತ್ತೆ ಕೂಗಿತು.